ಹದಿನೆಂಟರ ಹೊಸ ಚಾಲಕರಿಗೆ ರಸ್ತೆಯ ಮೇಲಿನ ಗಮನವನ್ನು ಕಲಿಸುವುದು ಹೇಗೆ

ಹದಿನೆಂಟು ತುಂಬಿದ ಮಗನೋ ಮಗಳೋ ಕಲಿಕಾ ಪರವಾನಗಿ, ಅಂದರೆ ಎಲ್‌ಎಲ್ ಮಾಡಿಸಿಕೊಂಡು ಡ್ರೈವಿಂಗ್ ಶಾಲೆಗೆ ಸೇರಿದರೆ, ಕ್ಲಚ್ ಬಿಡುವುದು, ಗೇರ್ ಬದಲಿಸುವುದು, ರಿವರ್ಸ್ ತೆಗೆಯುವುದು, ಆರ್‌ಟಿಒ ಮೈದಾನದಲ್ಲಿ ಎಂಟು ಹಾಕುವುದು ಇವೆಲ್ಲವನ್ನೂ ಕೆಲವೇ ವಾರಗಳಲ್ಲಿ ಕಲಿತುಬಿಡುತ್ತಾರೆ. ಆದರೆ ವಾಹನ ಓಡುತ್ತಿರುವಷ್ಟು ಹೊತ್ತೂ ಕಣ್ಣು ಎಲ್ಲಿರಬೇಕು, ಮನಸ್ಸು ಎಲ್ಲಿರಬೇಕು ಎಂಬುದನ್ನು ಪಕ್ಕದಲ್ಲಿ ಕುಳಿತು ಹೇಳಿಕೊಡುವವರು ಬಹಳ ಕಡಿಮೆ. ಅದು ಓಡಿಸುತ್ತ ಓಡಿಸುತ್ತ ತಾನಾಗಿಯೇ ಬರುತ್ತದೆ ಎಂದು ನಾವು ನಂಬಿಕೊಂಡಿದ್ದೇವೆ. ಬರುತ್ತದೆ, ನಿಜ, ಆದರೆ ಅದು ಬರುವ ತನಕದ ಮೊದಲ ವರ್ಷವೇ ಅತ್ಯಂತ ಅಪಾಯದ ಕಾಲ. ಗಮನವೂ ಕ್ಲಚ್ಚಿನಷ್ಟೇ ಅಭ್ಯಾಸದಿಂದ ಕಲಿಯಬೇಕಾದ ವಿದ್ಯೆ ಎಂಬ ತಿಳಿವಳಿಕೆಯಿಂದ, ಹೊಸ ಚಾಲಕರಿಗೂ ಅವರ ತಂದೆತಾಯಿಗೂ ಉಪಯೋಗವಾಗಲೆಂದು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಐದರಿಂದ 29 ವರ್ಷದೊಳಗಿನವರ ಸಾವಿಗೆ ಜಗತ್ತಿನಾದ್ಯಂತ ಮೊದಲ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ತೀರಿಕೊಂಡವರು 1,68,491 ಜನ, ಅವರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಅದೇ ವರ್ಷ ಮೊಬೈಲ್ ಬಳಕೆಯ ಕಾರಣಕ್ಕೆ ಸತ್ತವರೆಂದು ದಾಖಲಾದವರು ಮೂರು ಸಾವಿರಕ್ಕೂ ಹೆಚ್ಚು. ಈ ಕೊನೆಯ ಸಂಖ್ಯೆಯನ್ನು ನೋಡಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ, ಏಕೆಂದರೆ ಡಿಕ್ಕಿಯ ಹಿಂದಿನ ಕ್ಷಣದಲ್ಲಿ ಚಾಲಕ ಏನು ನೋಡುತ್ತಿದ್ದ ಎಂಬುದಕ್ಕೆ ಬಹಳ ಸಲ ಸಾಕ್ಷಿಯೇ ಇರುವುದಿಲ್ಲ. ಅಂಥ ಅಪಘಾತ ಅತಿವೇಗದ ಲೆಕ್ಕಕ್ಕೆ ಸೇರಿಹೋಗುವ ಸಾಧ್ಯತೆ ಯಾವಾಗಲೂ ಇದೆ.

ಮೊದಲು ವಯಸ್ಸು ಮತ್ತು ಕಾನೂನು

ಈ ವಿಷಯದಲ್ಲಿ ನಮ್ಮ ಊರುಗಳಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಿಬಿಡಬೇಕು. ‘ಗೇರ್ ಇಲ್ಲದ ಗಾಡಿಯನ್ನು ಹದಿನಾರಕ್ಕೇ ಓಡಿಸಬಹುದು’ ಎಂಬ ಮಾತು ಅರ್ಧ ಮಾತ್ರ ಸರಿ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಹದಿನಾರು ತುಂಬಿದವರಿಗೆ ಬಿಟ್ಟಿರುವುದು 50 ಸಿಸಿ ಮೀರದ ಎಂಜಿನ್ನಿನ ದ್ವಿಚಕ್ರ ವಾಹನವನ್ನು, ಅದೂ ಪರವಾನಗಿ ಪಡೆದ ಮೇಲೆ. ಈಗ ಮನೆಮನೆಯ ಮುಂದೆ ನಿಂತಿರುವ ಸ್ಕೂಟರುಗಳೆಲ್ಲ ಸಾಮಾನ್ಯವಾಗಿ 100, 110, 125 ಸಿಸಿಯವು. ಪಿಯುಸಿ ಓದುವ ಹುಡುಗಿಯನ್ನು ಟ್ಯೂಷನ್ನಿಗೆ ಅಂಥ ಸ್ಕೂಟರಿನಲ್ಲಿ ಕಳಿಸಿದರೆ ಅದು ಸ್ಪಷ್ಟವಾಗಿ ಕಾನೂನಿಗೆ ವಿರುದ್ಧ. ಎಲೆಕ್ಟ್ರಿಕ್ ಗಾಡಿಗಳಲ್ಲಿಯೂ ಹಾಗೆಯೇ: 250 ವಾಟ್ ಮೀರದ ಮೋಟರಿದ್ದು ಗಂಟೆಗೆ 25 ಕಿ.ಮೀ.ಗಿಂತ ಹೆಚ್ಚು ಓಡದ ಗಾಡಿಗೆ ಮಾತ್ರ ಪರವಾನಗಿ ಬೇಡ. ಅದಕ್ಕಿಂತ ಜೋರಾಗಿ ಓಡುವುದಾದರೆ, ಅಂಗಡಿಯವರು ಏನೇ ಹೇಳಲಿ, ಡಿಎಲ್ (ಚಾಲನಾ ಪರವಾನಗಿ) ಬೇಕೇ ಬೇಕು.

2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ, ಅದೇ ಕಾಯ್ದೆಯ 199ಎ ಸೆಕ್ಷನ್ ತಂದೆತಾಯಿ ಪೂರ್ತಿ ಓದಿಕೊಳ್ಳಬೇಕಾದದ್ದು. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಇದೆ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ, ಆ ಹುಡುಗನಿಗೆ 25 ವರ್ಷ ತುಂಬುವ ತನಕ ಎಲ್‌ಎಲ್ ಆಗಲಿ ಡಿಎಲ್ ಆಗಲಿ ಸಿಗುವುದಿಲ್ಲ. ತಮಗೆ ತಿಳಿಯದಂತೆ ಆಯಿತು, ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವು ಎಂದು ತೋರಿಸುವ ಹೊಣೆಯೂ ದೊಡ್ಡವರ ಮೇಲೆಯೇ ಬೀಳುತ್ತದೆ. ಇದಕ್ಕಿಂತ ದೊಡ್ಡ ಹೊರೆ ವಿಮೆಯದು: ಪರವಾನಗಿ ಇಲ್ಲದವರು ಓಡಿಸಿ ಯಾರಿಗಾದರೂ ಗಾಯವಾದರೆ, ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕರಿಂದ ವಸೂಲು ಮಾಡುವಂತೆ ನ್ಯಾಯಾಲಯಗಳು ಆದೇಶಿಸಿರುವ ಪ್ರಕರಣಗಳು ಬಹಳ ಇವೆ. ಒಂದು ಸ್ಕೂಟರಿನ ಕೀಲಿಯ ಜೊತೆ ಮನೆ ಜಮೀನನ್ನೇ ಮಗುವಿನ ಕೈಗಿಟ್ಟಂತೆ ಇದು.

ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ಅದು ಸಿಕ್ಕಿ ಮೂವತ್ತು ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಬಹುತೇಕರು ಮೂವತ್ತೊಂದನೇ ದಿನವೇ ಪರೀಕ್ಷೆಗೆ ನಿಲ್ಲಲು ಆತುರಪಡುತ್ತಾರೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ: ಆ ಆರು ತಿಂಗಳನ್ನು ಪೂರ್ತಿ ಬಳಸಿಕೊಳ್ಳಿ. ಎಲ್‌ಎಲ್ ಇರುವಾಗ ಡಿಎಲ್ ಇರುವವರೊಬ್ಬರು ಪಕ್ಕದಲ್ಲಿ ಕುಳಿತಿರಲೇಬೇಕು, ಹಿಂದೆ ಮುಂದೆ ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಇರಬೇಕು ಎಂದು ನಿಯಮ ಹೇಳುತ್ತದೆ. ನಿಯಮವೇ ಕೊಟ್ಟಿರುವ ಈ ಪಕ್ಕದ ಸೀಟು ನಿಮ್ಮ ಪಾಠಶಾಲೆ.

ಗಮನ ತಪ್ಪುವುದು ಎಂದರೆ ಏನು

ಗಮನ ಮೂರು ಕಡೆಯಿಂದ ಕದಲುತ್ತದೆ. ಕಣ್ಣು ರಸ್ತೆಯಿಂದ ಸರಿಯುತ್ತದೆ, ಕೈ ಸ್ಟಿಯರಿಂಗ್ ಅಥವಾ ಹ್ಯಾಂಡಲ್ ಬಿಡುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಮೆಸೇಜ್ ಓದುವಾಗ ಈ ಮೂರೂ ಒಟ್ಟಿಗೇ ಆಗುತ್ತವೆ, ಹಾಗಾಗಿಯೇ ಅದು ಎಲ್ಲಕ್ಕಿಂತ ಕೆಟ್ಟದ್ದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ವಾಹನ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ‘ಎಲ್ಲಿದ್ದೀಯಾ’ ಎಂಬ ಒಂದೇ ಪದವನ್ನು ಓದಿ ಮತ್ತೆ ತಲೆ ಎತ್ತಲು ಮೂರು ಸೆಕೆಂಡು ಹಿಡಿದರೆ 33 ಮೀಟರ್ ದೂರವನ್ನು ಕಣ್ಣು ಮುಚ್ಚಿಕೊಂಡು ಸಾಗಿದಂತಾಯಿತು. ಗಂಟೆಗೆ 60 ಕಿ.ಮೀ. ವೇಗವಾದರೆ ಅದು 50 ಮೀಟರ್. ನಮ್ಮ ಯಾವ ಬೀದಿಯಲ್ಲಿ 50 ಮೀಟರಿನೊಳಗೆ ಒಂದು ನಾಯಿ, ಒಂದು ಹಂಪ್, ಇದ್ದಕ್ಕಿದ್ದಂತೆ ನಿಂತ ಒಂದು ಆಟೋ, ಅಡ್ಡ ಬಂದ ಒಂದು ಮಗು ಇರುವುದಿಲ್ಲ?

ಇನ್ನು ನಿಲ್ಲುವ ದೂರ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಎಂದಿಟ್ಟುಕೊಂಡರೆ, ಒಣಗಿದ ಒಳ್ಳೆಯ ರಸ್ತೆಯಲ್ಲಿ 40ರ ವೇಗದ ಕಾರು ನಿಲ್ಲಲು ಸುಮಾರು 25 ಮೀಟರ್ ಬೇಕು, 60ರಲ್ಲಿ 45 ಮೀಟರ್, 80ರಲ್ಲಿ ಹತ್ತಿರ ಹತ್ತಿರ 70 ಮೀಟರ್. ವೇಗ ದುಪ್ಪಟ್ಟಾದರೆ ದೂರ ದುಪ್ಪಟ್ಟಿಗಿಂತ ಬಹಳ ಹೆಚ್ಚಾಗುತ್ತದೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಖಾಲಿ ಮೈದಾನದಲ್ಲೋ ಹೊಸ ಲೇಔಟಿನ ವಾಹನವಿಲ್ಲದ ರಸ್ತೆಯಲ್ಲೋ ಹೆಜ್ಜೆ ಹಾಕಿ ಅಳೆದು ತೋರಿಸಿ. ಇಪ್ಪತ್ತೈದು ದೊಡ್ಡ ಹೆಜ್ಜೆ ನಡೆದು ಹಿಂತಿರುಗಿ ಕಾರನ್ನು ನೋಡಿದ ಮಗುವಿಗೆ, ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋಗಬೇಡ ಎಂದು ಮತ್ತೆ ಮತ್ತೆ ಹೇಳಬೇಕಾಗುವುದಿಲ್ಲ.

ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡರೆ ತೊಂದರೆಯಿಲ್ಲ ಎಂಬುದು ಇನ್ನೊಂದು ತಪ್ಪು ನಂಬಿಕೆ. ಫೋನಿನಲ್ಲಿ ಮಾತನಾಡುತ್ತ ಓಡಿಸುವವರು ಅಪಘಾತಕ್ಕೆ ಸಿಕ್ಕುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಕೈ ಖಾಲಿ ಇದ್ದ ಮಾತ್ರಕ್ಕೆ ಆ ಅಪಾಯ ಹೆಚ್ಚೇನೂ ಇಳಿಯುವುದಿಲ್ಲ ಎಂದೂ ಹೇಳುತ್ತದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಾರಿಗೆ ಧ್ವನಿಯ ಮೂಲಕ ಆಜ್ಞೆ ಕೊಟ್ಟು ಮುಗಿಸಿದ ಮೇಲೂ ಚಾಲಕರ ಗಮನ ಪೂರ್ತಿಯಾಗಿ ಮರಳಲು ಕೆಲವೊಮ್ಮೆ 27 ಸೆಕೆಂಡುಗಳವರೆಗೆ ಹಿಡಿಯಿತು. ಪಕ್ಕದಲ್ಲಿ ಕುಳಿತವರಿಗೆ ರಸ್ತೆ ಕಾಣುತ್ತದೆ, ಮುಂದೆ ಗೊಂದಲವಿದ್ದರೆ ಅವರು ತಾವಾಗಿ ಮಾತು ನಿಲ್ಲಿಸುತ್ತಾರೆ. ಫೋನಿನ ಆ ತುದಿಯಲ್ಲಿರುವವರಿಗೆ ಏನೂ ಕಾಣುವುದಿಲ್ಲ, ಅವರು ಮಾತು ಮುಂದುವರಿಸುತ್ತಲೇ ಇರುತ್ತಾರೆ. ಹಳೆಯ ಚಾಲಕರಿಗೆ ಗೇರು ಕ್ಲಚ್ಚು ರೂಢಿಯಾಗಿರುತ್ತದೆ. ಹೊಸಬರ ಮನಸ್ಸೆಲ್ಲ ಆ ಕೆಲಸಗಳಲ್ಲೇ ಮುಗಿದುಹೋಗಿರುತ್ತದೆ, ಮೇಲೊಂದು ಮಾತುಕತೆ ಹೇರಿದರೆ ರಸ್ತೆಗೆ ಉಳಿಯುವುದು ಏನೂ ಇಲ್ಲ. ಇದರ ಜೊತೆಗೆ, ಆವೇಗವನ್ನು ತಡೆದು ಮುಂದಾಲೋಚನೆ ಮಾಡಿಸುವ ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಹುಡುಗರನ್ನು ಬೇಜವಾಬ್ದಾರಿಯವರು ಎಂದು ಬೈಯುವುದರಿಂದ ಇದು ಬದಲಾಗದು. ಆ ಕೊರತೆಯನ್ನು ಮನೆಯ ನಿಯಮಗಳು ತುಂಬಿಕೊಡಬೇಕು.

ಫೋನಿಗೆ ಮಾಡಬೇಕಾದ ವ್ಯವಸ್ಥೆ

‘ಓಡಿಸುವಾಗ ಫೋನ್ ಮುಟ್ಟಬೇಡ’ ಎಂಬ ಬುದ್ಧಿಮಾತನ್ನು ಪ್ರತಿ ಮನೆಯಲ್ಲೂ ಹೇಳುತ್ತಾರೆ, ಪ್ರತಿ ಸಿಗ್ನಲ್ಲಿನಲ್ಲೂ ಅದು ಮುರಿಯುತ್ತದೆ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿದ ಮೇಲೆ ನೋಡದೆ ಇರಲು ಸಂಕಲ್ಪ ಬೇಕು, ಸಂಕಲ್ಪವನ್ನು ನಂಬಿ ಕೂರುವ ಬದಲು ಫೋನು ಗುಂಯ್‌ಗುಟ್ಟದಂತೆ ಮಾಡುವುದೇ ಸರಿಯಾದ ದಾರಿ. ಐಫೋನಿನ ಸೆಟಿಂಗ್ಸ್‌ನಲ್ಲಿ ಫೋಕಸ್ ಎಂಬಲ್ಲಿ ಡ್ರೈವಿಂಗ್ ಎಂಬ ಆಯ್ಕೆ ಇದೆ. ಕಾರಿನ ಬ್ಲೂಟೂತಿಗೆ ಸೇರಿದೊಡನೆ ತಾನಾಗಿ ಚಾಲೂ ಆಗುವಂತೆ ಇಟ್ಟರೆ ಸೂಚನೆಗಳೆಲ್ಲ ಮೌನವಾಗುತ್ತವೆ, ಮೆಸೇಜ್ ಕಳಿಸಿದವರಿಗೆ ‘ಗಾಡಿ ಓಡಿಸುತ್ತಿದ್ದೇನೆ, ಆಮೇಲೆ ಮಾತಾಡುತ್ತೇನೆ’ ಎಂಬ ಉತ್ತರ ಹೋಗುವಂತೆಯೂ ಮಾಡಬಹುದು. ಆಂಡ್ರಾಯ್ಡ್ ಫೋನುಗಳಲ್ಲಿ ಹೆಸರು, ಜಾಗ ಕಂಪನಿಯಿಂದ ಕಂಪನಿಗೆ ಬೇರೆ ಇದ್ದರೂ ಮೋಡ್ಸ್ ಅಥವಾ ಡು ನಾಟ್ ಡಿಸ್ಟರ್ಬ್ ಎಂಬಲ್ಲಿ ಇಂಥದೇ ವ್ಯವಸ್ಥೆ ಸಾಮಾನ್ಯವಾಗಿ ಸಿಗುತ್ತದೆ. ಇದನ್ನು ಮಗುವಿನ ಜೊತೆ ಕುಳಿತು, ಮಗುವಿನ ಕೈಯಲ್ಲೇ ಮಾಡಿಸಿ. ಮಾಡಿದ ಮೇಲೆ ಫೋನು ಡಿಕ್ಕಿಯಲ್ಲೋ, ಸ್ಕೂಟರಿನ ಸೀಟಿನ ಕೆಳಗೋ, ಹಿಂದಿನ ಸೀಟಿನ ಚೀಲದಲ್ಲೋ ಇರಲಿ. ಕೈಗೆ ಸಿಗುವ ಜಾಗ ಬೇಡ.

ದಾರಿ ತೋರಿಸುವ ನಕ್ಷೆಗೆ ಫೋನು ಬೇಕೇ ಬೇಕು ಎನ್ನುವವರಿಗೆ ಒಂದು ಮಾತು. ದಾರಿ ನೋಡಲು ಮಾತ್ರ, ಅದೂ ಗಮನ ಕೆಡದಂತೆ, ಕೈಯಲ್ಲಿ ಹಿಡಿಯುವ ಸಾಧನವನ್ನು ಬಳಸಲು 2020ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೇಂದ್ರ ನಿಯಮದ ತಿದ್ದುಪಡಿ ಅವಕಾಶ ಕೊಟ್ಟಿದೆ. ಆದರೆ ಹೊಸಬರು ಮೊದಲ ಆರು ತಿಂಗಳು ಗೊತ್ತಿಲ್ಲದ ಊರಿಗೆ ಒಬ್ಬರೇ ಹೋಗದಿರುವುದೇ ಲೇಸು. ಹೋಗಲೇಬೇಕಾದರೆ ಹೊರಡುವ ಮುನ್ನ ವಿಳಾಸ ಹಾಕಿ, ಇಡೀ ದಾರಿಯನ್ನು ಒಮ್ಮೆ ನೋಡಿಕೊಂಡು, ಫೋನನ್ನು ಹೋಲ್ಡರಿನಲ್ಲಿಟ್ಟು ಧ್ವನಿ ಮಾತ್ರ ಕೇಳುತ್ತ ಹೋಗಬೇಕು. ತಿರುವು ತಪ್ಪಿತೇ, ತಪ್ಪಲಿ. ನಕ್ಷೆ ಬೇರೆ ದಾರಿ ಹುಡುಕಿಕೊಡುತ್ತದೆ. ತಪ್ಪಿದ ತಿರುವಿಗಾಗಿ ಗಾಬರಿಯಿಂದ ಬ್ರೇಕ್ ಹಾಕುವುದು, ಒನ್‌ವೇನಲ್ಲಿ ಹಿಂದಕ್ಕೆ ಬರುವುದು ಇವೇ ಅನಾಹುತಕ್ಕೆ ದಾರಿ.

ದ್ವಿಚಕ್ರ ವಾಹನದಲ್ಲಿ ಈ ಚಾಳಿಗೆ ಬೇರೆಯದೇ ರೂಪವಿದೆ. ಯಾವ ದೊಡ್ಡ ಜಂಕ್ಷನ್ನಿನಲ್ಲಿ ಐದು ನಿಮಿಷ ನಿಂತರೂ ಹೆಲ್ಮೆಟ್ಟಿನೊಳಗೆ ಕೆನ್ನೆಗೂ ಮೆತ್ತೆಗೂ ನಡುವೆ ಫೋನು ತುರುಕಿಕೊಂಡವರು, ತಲೆಯನ್ನು ಹೆಗಲಿಗೆ ಒತ್ತಿ ಫೋನು ಸಿಕ್ಕಿಸಿಕೊಂಡು ಕತ್ತು ಸೊಟ್ಟ ಮಾಡಿಕೊಂಡೇ ಹಂಪ್ ಹಾರಿಸುವವರು ಕಾಣುತ್ತಾರೆ. ಕತ್ತು ಎಡಕ್ಕೆ ವಾಲಿದಾಗ ಬಲಗಡೆಯ ಕನ್ನಡಿ ಕಾಣುವುದಿಲ್ಲ, ಭುಜ ಬಿಗಿಯುವುದರಿಂದ ಹ್ಯಾಂಡಲ್ ಸರಾಗವಾಗಿ ತಿರುಗುವುದಿಲ್ಲ, ಬಿದ್ದರೆ ಕೆನ್ನೆಗೆ ಆತುಕೊಂಡ ಆ ಗಟ್ಟಿ ವಸ್ತುವೇ ಮುಖಕ್ಕೆ ಪೆಟ್ಟು ಕೊಡುತ್ತದೆ. ಇದನ್ನು ಮಗುವಿಗೆ ರಸ್ತೆಯ ಬದಿಯಲ್ಲಿ ನಿಂತು ತೋರಿಸಿ. ಬೇರೆಯವರು ಮಾಡುವುದನ್ನು ಹೊರಗಿನಿಂದ ನೋಡಿದಾಗ ಅದರ ಅಪಾಯ ಮನಸ್ಸಿಗೆ ಬೇಗ ನಾಟುತ್ತದೆ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿಗೆ ಹಿಂದಿನಿಂದ ಬರುವ ಬಸ್ಸಿನ ಹಾರ್ನೂ ಕೇಳದು, ಆಂಬುಲೆನ್ಸಿನ ಸೈರನ್ನೂ ಕೇಳದು.

ಕೈಯಲ್ಲಿ ಫೋನು ಹಿಡಿದು ಓಡಿಸುವುದನ್ನು ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆ ಎಂದೇ ಪರಿಗಣಿಸುತ್ತದೆ. ಮೊದಲ ಸಲಕ್ಕೆ ಒಂದು ಸಾವಿರದಿಂದ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಎರಡೂ ಇರಬಹುದು. ಬೆಂಗಳೂರಿನ ಮುಖ್ಯ ಜಂಕ್ಷನ್ನುಗಳಲ್ಲಿ 2022ರ ಡಿಸೆಂಬರಿನಿಂದ ಕೆಲಸ ಮಾಡುತ್ತಿರುವ ಕ್ಯಾಮೆರಾ ವ್ಯವಸ್ಥೆ ಮೊಬೈಲ್ ಹಿಡಿದವರನ್ನೂ ತಾನಾಗಿ ಗುರುತಿಸುತ್ತದೆ.

ಈಗ ತಂದೆತಾಯಿಗೆ ಹೇಳಲೇಬೇಕಾದ ಮಾತು. ಹೊಸ ಚಾಲಕರ ಫೋನಿಗೆ ಅವರು ದಾರಿಯಲ್ಲಿರುವಾಗ ಕರೆ ಮಾಡುವವರಲ್ಲಿ ಸ್ನೇಹಿತರಷ್ಟೇ ಅಮ್ಮ ಅಪ್ಪಂದಿರೂ ಇದ್ದಾರೆ. ‘ಎಲ್ಲಿದ್ದೀಯಾ, ಇನ್ನೂ ಬಂದಿಲ್ಲವಲ್ಲ, ಬರುವಾಗ ಅರ್ಧ ಲೀಟರ್ ಹಾಲು ತಾ’ ಎಂದು ಕೇಳುವುದು ಪ್ರೀತಿಯಿಂದಲೇ. ಅಮ್ಮನ ಹೆಸರು ಪರದೆಯ ಮೇಲೆ ಕಂಡರೆ ಮಕ್ಕಳು ಎತ್ತದೆ ಇರುವುದು ಕಷ್ಟ. ಆದ್ದರಿಂದ ಮಗ ಹೊರಟ ಸಮಯ ಗೊತ್ತಿದ್ದರೆ ತಲುಪುವ ತನಕ ಕರೆ ಮಾಡಬೇಡಿ. ಹೊರಡುವಾಗ ಒಂದು ಮೆಸೇಜ್, ತಲುಪಿ ಗಾಡಿ ನಿಲ್ಲಿಸಿದ ಮೇಲೆ ಇನ್ನೊಂದು, ನಡುವೆ ಮೌನ ಎಂಬ ಒಪ್ಪಂದ ಮಾಡಿಕೊಳ್ಳಿ. ಕರೆ ಎತ್ತದಿದ್ದಕ್ಕೆ ಮನೆಗೆ ಬಂದ ಮೇಲೆ ಎಂದೂ ಬೈಯಬೇಡಿ. ಹಾಗೆಯೇ ನೀವು ಓಡಿಸುವಾಗ ನಿಮ್ಮ ಫೋನು ಎಲ್ಲಿರುತ್ತದೆ ಎಂದು ಯೋಚಿಸಿ. ಹತ್ತು ವರ್ಷ ಹಿಂದಿನ ಸೀಟಿನಲ್ಲಿ ಕುಳಿತು ನಿಮ್ಮನ್ನು ನೋಡಿದ ಮಗು ಚಾಲನೆಯ ಅರ್ಧ ಪಾಠವನ್ನು ಆಗಲೇ ಕಲಿತಾಗಿದೆ.

ಪಕ್ಕದ ಸೀಟಿನ ಪಾಠ

ನ್ಯೂಜಿಲೆಂಡ್ 1987ರಲ್ಲಿ ಹಂತಹಂತದ ಪರವಾನಗಿ ಪದ್ಧತಿಯನ್ನು ತಂದಿತು. ಅಲ್ಲಿ ಪರೀಕ್ಷೆ ಪಾಸಾದ ಹೊಸಬರಿಗೆ ಮೊದಲು ಸಿಗುವುದು ಮಿತಿಯ ಪರವಾನಗಿ: ಒಬ್ಬರೇ ಇರುವಾಗ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಓಡಿಸುವಂತಿಲ್ಲ, ಅನುಭವಿ ಚಾಲಕರು ಪಕ್ಕದಲ್ಲಿಲ್ಲದೆ ಸಾಮಾನ್ಯವಾಗಿ ಬೇರೆಯವರನ್ನು ಕೂರಿಸಿಕೊಳ್ಳುವಂತಿಲ್ಲ. ಆಮೇಲೆ ಅಮೆರಿಕದ ರಾಜ್ಯಗಳೂ ಇದನ್ನು ಅಳವಡಿಸಿಕೊಂಡವು. ಭಾರತದಲ್ಲಿ ಈ ನಡುವಿನ ಹಂತವೇ ಇಲ್ಲ. ನಿನ್ನೆಯವರೆಗೆ ಎಲ್ ಹಲಗೆ ಹಾಕಿಕೊಂಡಿದ್ದವರು ಇಂದು ಡಿಎಲ್ ಕೈಗೆ ಬಂದೊಡನೆ ನಾಲ್ವರು ಗೆಳೆಯರನ್ನು ತುಂಬಿಕೊಂಡು ರಾತ್ರಿ ನಂದಿಬೆಟ್ಟಕ್ಕೆ ಹೊರಟರೂ ತಡೆಯುವ ನಿಯಮವಿಲ್ಲ. ಹಾಗಾಗಿ ಆ ಹಂತಗಳನ್ನು ಮನೆಯೇ ಕಟ್ಟಿಕೊಡಬೇಕು.

ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಬ್ರೇಕು ಕ್ಲಚ್ಚು ಇರುತ್ತವೆ. ಎಷ್ಟೋ ಸಲ ಬ್ರೇಕ್ ಹಾಕಿದ್ದು ಅವರೇ ಎಂಬುದು ಕಲಿಯುವವರಿಗೆ ತಿಳಿದೇ ಇರುವುದಿಲ್ಲ. ಮನೆಯ ಕಾರಿನಲ್ಲಿ ಆ ಅನುಕೂಲವಿಲ್ಲ, ಪಕ್ಕದಲ್ಲಿ ಕೂತವರ ಕೈಗೆ ಸಿಗುವುದು ಹ್ಯಾಂಡ್‌ಬ್ರೇಕ್ ಮಾತ್ರ, ಹೊಸ ಮಾದರಿಗಳಲ್ಲಿ ಅದೂ ಒಂದು ಗುಂಡಿಯಾಗಿಬಿಟ್ಟಿದೆ. ಆದ್ದರಿಂದ ಮೊದಲ ಪಾಠಗಳು ಭಾನುವಾರ ಬೆಳಗಿನ ಖಾಲಿ ರಸ್ತೆಯಲ್ಲೇ ನಡೆಯಬೇಕು. ಅಲ್ಲಿಂದ ಹಗಲಿನ ಬಡಾವಣೆ ರಸ್ತೆ, ಆಮೇಲೆ ಸಿಗ್ನಲ್ ಇರುವ ಮುಖ್ಯರಸ್ತೆ, ಆಮೇಲೆ ಸಂಜೆಯ ದಟ್ಟಣೆ, ಮಳೆ, ರಾತ್ರಿ, ಕೊನೆಯಲ್ಲಿ ಹೆದ್ದಾರಿ. ಒಂದು ಮೆಟ್ಟಿಲಲ್ಲಿ ಸಲೀಸಾಗುವ ತನಕ ಮುಂದಿನದಕ್ಕೆ ಹೋಗಬೇಡಿ.

ಗಮನವನ್ನು ಕಲಿಸಲು ನನಗೆ ಗೊತ್ತಿರುವ ಅತ್ಯುತ್ತಮ ವಿಧಾನವೆಂದರೆ ನೋಡಿದ್ದನ್ನು ಬಾಯಿಬಿಟ್ಟು ಹೇಳಿಸುವುದು. ಮೊದಲು ನೀವು ಓಡಿಸಿ ಹೇಳಿ ತೋರಿಸಿ, ಆಮೇಲೆ ಮಗಳು ಓಡಿಸುತ್ತ ಹೇಳಲಿ. ಅದು ಹೀಗಿರುತ್ತದೆ: ‘ಎಡಗಡೆ ಆಟೋ ನಿಂತಿದೆ, ಮುಂದಿನ ಚಕ್ರ ಬಲಕ್ಕೆ ತಿರುಗಿದೆ, ಇಂಡಿಕೇಟರ್ ಹಾಕದೆಯೇ ಹೊರಡಬಹುದು, ನಿಧಾನ ಮಾಡುತ್ತಿದ್ದೇನೆ. ಮುಂದೆ ನಿಲ್ದಾಣದಲ್ಲಿ ಬಸ್ಸು, ಅದರ ಮುಂದಿನಿಂದ ಜನ ದಾಟಬಹುದು, ಬಸ್ಸಿನ ಕೆಳಗೆ ಯಾರದಾದರೂ ಕಾಲು ಕಾಣುತ್ತದೆಯೇ ನೋಡುತ್ತಿದ್ದೇನೆ. ಕನ್ನಡಿಯಲ್ಲಿ ಬೈಕ್, ಎಡದಿಂದ ನುಗ್ಗುತ್ತಿದ್ದಾನೆ. ಆ ಗೇಟಿನಿಂದ ಚೆಂಡು ಉರುಳಿ ಬಂತು, ಹಿಂದೆಯೇ ಮಗು ಬರುತ್ತದೆ.’ ಹೀಗೆ ಹೇಳುತ್ತಿರುವಷ್ಟು ಹೊತ್ತು ಮನಸ್ಸು ಬೇರೆಡೆಗೆ ಹೋಗಲು ಎಡೆಯೇ ಇರುವುದಿಲ್ಲ, ಮಗುವಿಗೆ ಏನು ಕಂಡಿತು ಏನು ಕಾಣಲಿಲ್ಲ ಎಂಬುದೂ ನಿಮಗೆ ತಿಳಿಯುತ್ತದೆ. ಹೊಸಬರ ಕಣ್ಣು ಸಾಮಾನ್ಯವಾಗಿ ಬಾನೆಟ್ಟಿನ ಮುಂದಿನ ಹತ್ತು ಹದಿನೈದು ಮೀಟರಿಗೇ ಅಂಟಿಕೊಂಡಿರುತ್ತದೆ. ಅದನ್ನು ದೂರಕ್ಕೆ ಎತ್ತಿ, ಮತ್ತೆ ಹತ್ತಿರ, ಮತ್ತೆ ಕನ್ನಡಿ, ಮತ್ತೆ ದೂರ ಎಂದು ಓಡಾಡಿಸುವ ರೂಢಿ ಬರಬೇಕು. ಒಮ್ಮೆಗೆ ಹತ್ತು ಹದಿನೈದು ನಿಮಿಷ ಸಾಕು, ಇದು ನಿಜಕ್ಕೂ ಆಯಾಸದ ಕೆಲಸ.

ಈ ಪಾಠದ ಹೊತ್ತಿನಲ್ಲಿ ಕಿರುಚಬೇಡಿ. ‘ಏಯ್, ನೋಡು!’ ಎಂಬ ಕೂಗಿಗೆ ಮಗು ರಸ್ತೆಯನ್ನು ಬಿಟ್ಟು ನಿಮ್ಮ ಮುಖ ನೋಡುತ್ತದೆ. ಏನು ಮಾಡಬೇಕೋ ಅದನ್ನೇ ಚಿಕ್ಕದಾಗಿ ಹೇಳಿ: ‘ಬ್ರೇಕ್’, ‘ನಿಧಾನ’, ‘ಎಡಕ್ಕೆ ನಿಲ್ಲಿಸು’. ತಪ್ಪಿನ ಚರ್ಚೆ ಗಾಡಿ ನಿಂತ ಮೇಲೆ ಆಗಲಿ.

ಮುಂದಿನ ವಾಹನದಿಂದ ಬಿಡಬೇಕಾದ ಅಂತರಕ್ಕೆ ಎಣಿಕೆಯ ಉಪಾಯವಿದೆ. ಮುಂದಿನ ಗಾಡಿ ಒಂದು ವಿದ್ಯುತ್ ಕಂಬವನ್ನು ದಾಟಿದೊಡನೆ ‘ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು’ ಎಂದು ಎಣಿಸಬೇಕು. ಎಣಿಕೆ ಮುಗಿಯುವ ಮೊದಲೇ ನೀವು ಆ ಕಂಬದ ಬಳಿ ಬಂದರೆ ತೀರ ಹತ್ತಿರ ಇದ್ದೀರಿ. ಮಳೆಯಲ್ಲಿ ಈ ಎಣಿಕೆ ಐದಕ್ಕೆ ಏರಬೇಕು. ಬಿಟ್ಟ ಅಂತರಕ್ಕೆ ಯಾರಾದರೂ ನುಗ್ಗುತ್ತಾರೆ ಎಂಬ ಆಕ್ಷೇಪ ಬೆಂಗಳೂರಿನಲ್ಲಿ ಸಹಜ. ನುಗ್ಗಲಿ, ಮತ್ತೆ ಹಿಂದೆ ಸರಿದು ಅಂತರ ಮಾಡಿಕೊಂಡರಾಯಿತು.

ನಮ್ಮ ರಸ್ತೆಗಳಿಗೇ ವಿಶಿಷ್ಟವಾದ ಕೆಲವು ಅಪಾಯಗಳನ್ನು ಬೇರೆಯಾಗಿ ತೋರಿಸಿಕೊಡಬೇಕು. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹರಡಿ ಒಕ್ಕಣೆ ಮಾಡಿರುತ್ತಾರೆ. ಅದರ ಮೇಲೆ ಬೈಕಿನ ಬ್ರೇಕ್ ಹಿಡಿದರೆ ಚಕ್ರ ಜಾರಿ ಬೀಳುವುದು ಬಹುತೇಕ ಖಚಿತ, ಹಾಗಾಗಿ ಅದು ದೂರದಲ್ಲಿ ಕಂಡಾಗಲೇ ವೇಗ ಇಳಿಸಿಕೊಂಡು ನೇರವಾಗಿ ದಾಟಬೇಕು. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಡೆ ಕಬ್ಬು ಅರೆಯುವ ದಿನಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿ ಹಿಂದಿನ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ಸಾಗುತ್ತಿರುತ್ತವೆ. ಎದುರಿನ ಹೈಬೀಮ್ ಕಣ್ಣಿಗೆ ಬಿದ್ದ ಆ ಒಂದೆರಡು ಸೆಕೆಂಡಿನಲ್ಲಿ ಅವು ಕಾಣುವುದೇ ಇಲ್ಲ. ದೀಪ ನೋಡುವ ಬದಲು ರಸ್ತೆಯ ಎಡ ಅಂಚನ್ನು ನೋಡುತ್ತ ನಿಧಾನಿಸುವುದನ್ನು ಕಲಿಸಿ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಮೊದಲ ಮಳೆಗಾಲದಲ್ಲಿ ಹೊಸಬರ ಕೈಗೆ ಕೊಡಲೇಬೇಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ, ಕಾರುಗಳಿಗೆ ವೇಗದ ಮಿತಿ ಗಂಟೆಗೆ 100 ಕಿ.ಮೀ. ಅಲ್ಲಿ ಅಪಾಯ ಬರುವುದು ಏಕತಾನತೆಯಿಂದ: ರಸ್ತೆ ನೇರವಾಗಿದೆ, ಮಾಡಲು ಕೆಲಸವಿಲ್ಲ, ಕಣ್ಣು ಫೋನಿಗೆ ಹೋಗುತ್ತದೆ ಅಥವಾ ಜೊಂಪು ಹತ್ತುತ್ತದೆ. 100ರ ವೇಗದಲ್ಲಿ ಒಂದು ಸೆಕೆಂಡಿಗೆ 28 ಮೀಟರ್ ಸಾಗುತ್ತೇವೆ ಎಂಬುದನ್ನು ಅಲ್ಲಿ ಮರೆಯುವಂತಿಲ್ಲ.

ಗೆಳೆಯರು, ರೀಲ್ಸ್, ನಿದ್ದೆ

ಹದಿಹರೆಯದ ಚಾಲಕರಿಗೆ ಫೋನಿನಷ್ಟೇ ಸೆಳೆತದ್ದು ಹಿಂದಿನ ಸೀಟಿನ ಗೆಳೆಯರ ಗುಂಪು. ಅಮೆರಿಕದ ಎಎಎ ಎಂಬ ರಸ್ತೆ ಸುರಕ್ಷತಾ ಪ್ರತಿಷ್ಠಾನ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹದಿನಾರು ಹದಿನೇಳರ ಚಾಲಕರು ಇಪ್ಪತ್ತೊಂದು ತುಂಬದ ಇಬ್ಬರನ್ನು ಕೂರಿಸಿಕೊಂಡಾಗ ಸಾಯುವ ಸಂಭವ ಎರಡು ಪಟ್ಟು, ಮೂವರು ಅಥವಾ ಹೆಚ್ಚು ಮಂದಿ ಇದ್ದಾಗ ನಾಲ್ಕು ಪಟ್ಟು ಆಗುವುದು ಕಂಡುಬಂದಿತ್ತು. ನಮ್ಮಲ್ಲಿ ಇದರ ಜೊತೆಗೆ ತ್ರಿಬಲ್ ರೈಡಿಂಗ್ ಇದೆ, ವ್ಹೀಲಿಂಗ್ ಇದೆ, ಹಿಂದೆ ಕೂತವನು ರೀಲ್ಸ್‌ಗಾಗಿ ವಿಡಿಯೊ ಮಾಡುವುದಿದೆ. ಮೊದಲ ಆರು ತಿಂಗಳು ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ, ಆಮೇಲಿನ ಆರು ತಿಂಗಳು ಒಬ್ಬರು ಮಾತ್ರ ಎಂಬ ನಿಯಮ ಮಾಡಿ. ಗೆಳೆಯರ ಮುಂದೆ ‘ಬೇಡ’ ಎನ್ನಲು ಹುಡುಗರಿಗೆ ಸಂಕೋಚ, ಆ ಸಂಕೋಚಕ್ಕೆ ನಿಮ್ಮ ಹೆಸರನ್ನು ಬಳಸಿಕೊಳ್ಳಲಿ: ‘ಅಪ್ಪ ಗಾಡಿ ಕಿತ್ತುಕೊಳ್ಳುತ್ತಾರೆ ಮಾರಾಯಾ’ ಎಂಬ ನೆಪ ಎಷ್ಟೋ ಸಲ ಜೀವ ಉಳಿಸುತ್ತದೆ. ಹಾಗೆಯೇ ತಾವೇ ಹಿಂದೆ ಕೂತಾಗ ಓಡಿಸುವವನು ಫೋನ್ ತೆಗೆದರೆ ‘ಕೊಡು, ನಾನು ನೋಡಿ ಹೇಳುತ್ತೇನೆ’ ಎಂದು ಕೈ ಚಾಚುವುದನ್ನು ಅಭ್ಯಾಸ ಮಾಡಿಸಿ. ಇದರಲ್ಲಿ ಉಪದೇಶದ ಧ್ವನಿ ಇಲ್ಲದ್ದರಿಂದ ಗೆಳೆತನವೂ ಉಳಿಯುತ್ತದೆ.

ಪರೀಕ್ಷೆಯ ದಿನಗಳಲ್ಲಿ ರಾತ್ರಿಯಿಡೀ ಓದಿದವರು, ಜಗಳವಾಡಿ ಅಳುತ್ತ ಮನೆಯಿಂದ ಹೊರಟವರು, ಜ್ವರದ ಮಾತ್ರೆ ನುಂಗಿದವರು ಅಂದು ಬಸ್ಸು ಹತ್ತಬೇಕು. ಕಾರಿನ ಟಚ್‌ಸ್ಕ್ರೀನಿನಲ್ಲಿ ಹಾಡು ಹುಡುಕುವುದು, ಎಸಿ ಹೊಂದಿಸುವುದು, ಸೀಟು ಕನ್ನಡಿ ಸರಿಮಾಡಿಕೊಳ್ಳುವುದು ಎಲ್ಲವೂ ಗಾಡಿ ಕದಲುವ ಮೊದಲೇ ಮುಗಿಯಲಿ.

ಹೆಲ್ಮೆಟ್ಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಐಎಸ್‌ಐ ಗುರುತು ಇರಲಿ, ಮುಖ ಪೂರ್ತಿ ಮುಚ್ಚಲಿ, ಪಟ್ಟಿ ಬಿಗಿದಿರಲಿ, ಹಿಂದೆ ಕೂತವರಿಗೂ ಇರಲಿ. ಕಾರಿನ ಹಿಂದಿನ ಸೀಟಿನವರಿಗೂ ಸೀಟ್ ಬೆಲ್ಟ್ ಕಡ್ಡಾಯ. ಕಾಲೇಜಿಗೆ ಸೇರಿದ ಖುಷಿಗೆ 200 ಸಿಸಿಯ ಬೈಕ್ ಕೊಡಿಸುವ ಹಟಕ್ಕೆ ಮಣಿಯದಿರಿ. ಮೊದಲ ವರ್ಷಕ್ಕೆ ಸಾಧಾರಣ ಶಕ್ತಿಯ, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಟ್ಟಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿ ಸಾಕು.

ಮನೆಯ ಒಪ್ಪಂದ

ಈ ನಿಯಮಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಫೋನು ಎಲ್ಲಿರಬೇಕು, ರಾತ್ರಿ ಎಷ್ಟು ಗಂಟೆಯವರೆಗೆ, ಯಾರನ್ನು ಕೂರಿಸಿಕೊಳ್ಳಬಹುದು, ಹೆದ್ದಾರಿ ಯಾವಾಗಿನಿಂದ ಎಂಬುದು ಅದರಲ್ಲಿರಲಿ, ಮುರಿದರೆ ಕೀಲಿ ಎಷ್ಟು ದಿನ ನಿಮ್ಮ ಬಳಿ ಇರುತ್ತದೆ ಎಂಬುದೂ ಇರಲಿ. ಎರಡು ತಿಂಗಳಿಗೊಮ್ಮೆ ಕೂತು ನೋಡಿ, ಚೆನ್ನಾಗಿ ನಡೆದುಕೊಂಡಿದ್ದರೆ ಒಂದೊಂದು ಮಿತಿಯನ್ನು ಸಡಿಲಿಸಿ. ಹಾಳೆಯಲ್ಲಿ ತಂದೆತಾಯಿಯ ಪಾಲೂ ಇರಬೇಕು: ಓಡಿಸುವಾಗ ನಾವೂ ಫೋನು ಮುಟ್ಟುವುದಿಲ್ಲ, ದಾರಿಯಲ್ಲಿರುವಾಗ ಕರೆ ಮಾಡುವುದಿಲ್ಲ, ಓಡಿಸುವ ಸ್ಥಿತಿಯಲ್ಲಿಲ್ಲ ಎಂದು ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಪ್ರಶ್ನೆ ಕೇಳದೆ ಬಂದು ಕರೆದುಕೊಂಡು ಹೋಗುತ್ತೇವೆ. ಈ ಕೊನೆಯ ಮಾತನ್ನು ಕೊಟ್ಟರೆ ಉಳಿಸಿಕೊಳ್ಳಿ. ಒಮ್ಮೆ ಮುರಿದರೆ ಮಗು ಎರಡನೇ ಸಲ ಕರೆ ಮಾಡುವುದಿಲ್ಲ.

ಅಪಘಾತವಾದಾಗ

ಏನು ಮಾಡಬೇಕೆಂಬುದನ್ನು ಮುಂಚೆಯೇ ಹೇಳಿಕೊಡಿ, ಏಕೆಂದರೆ ಆ ಗಳಿಗೆಯಲ್ಲಿ ಯಾರಿಗೂ ತೋಚುವುದಿಲ್ಲ. ಗಾಡಿ ನಿಲ್ಲಿಸಬೇಕು, ಹಜಾರ್ಡ್ ದೀಪ ಹಾಕಬೇಕು, ತಾನು ರಸ್ತೆಯ ಅಂಚಿಗೆ ಸರಿದು 112 ಅಥವಾ ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ 1033 ಇದೆ. ಗಾಯಾಳುವನ್ನು ಹತ್ತಿರದ ಆಸ್ಪತ್ರೆಗೆ ತಲುಪಿಸುವುದು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು 134ನೇ ಸೆಕ್ಷನ್ ಪ್ರಕಾರ ಚಾಲಕರ ಕರ್ತವ್ಯ. ಜನ ಸೇರಿ ಹೊಡೆಯುವ ಭಯವಿದ್ದರೆ ಅಲ್ಲೇ ನಿಲ್ಲಬೇಕೆಂದು ಕಾನೂನು ಹೇಳುವುದಿಲ್ಲ, ಆದರೆ ನೇರ ಪೊಲೀಸ್ ಠಾಣೆಗೇ ಹೋಗಬೇಕು. ಹೆಲ್ಮೆಟ್ ಹಾಕಿಕೊಂಡು ಬಿದ್ದವರ ಕುತ್ತಿಗೆಯನ್ನು ಎಳೆದಾಡಬಾರದು, ನೀರು ಕುಡಿಸಬಾರದು, ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು.

ಬೇರೆಯವರ ಅಪಘಾತ ಕಂಡಾಗಲೂ ನಿಂತು ಸಹಾಯ ಮಾಡಲು ಹೆದರಬೇಕಾಗಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಸೆಕ್ಷನ್, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರನ್ನು ಮೊಕದ್ದಮೆಗಳಿಂದ ರಕ್ಷಿಸುತ್ತದೆ, ಹೆಸರು ಹೇಳಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಗಾಯಾಳುವಿನ ಚಿಕಿತ್ಸೆಗೆ, 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಸೌಲಭ್ಯವಿದೆ. ಹಣ ಕಟ್ಟಿದ ಮೇಲೆ ನೋಡುತ್ತೇವೆ ಎಂದು ಯಾರಾದರೂ ಹೇಳಿದರೆ ಈ ಯೋಜನೆಯ ವಿಷಯವನ್ನು ಎತ್ತಿ ಕೇಳಿ, 112ಕ್ಕೆ ಮಾಡಿದ ಕರೆಯ ವಿವರವನ್ನೂ ಹೇಳಿ.